ನಗಿಸುವ ಮುನ್ನ

ಮೈಕಿನ ಮುಂದೆ ನಿಂತಾಗ ಕೈಕಾಲು ನಡುಗುವ ಅನುಭವ ನಿಮಗೂ ಆಗಿರಬಹುದು. ಸಭೆ ಒಮ್ಮೆ ನಕ್ಕರೆ ಅರ್ಧ ಭಯ ಹೋಗುತ್ತದೆ. ಆ ನಗುವಿನ ಆಸೆಗೆ ಬಿದ್ದು ನಾನೊಮ್ಮೆ ಮಹಿಳೆಯರ ಸಭೆಗೆ ತಡವಾಗಿ ಬಂದ ನೆರೆಮನೆಯವರ ಮೈಗಾತ್ರದ ಬಗ್ಗೆ ತಮಾಷೆ ಮಾಡಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಮುಂದಿನ ಸಭೆಗೆ ಅವರು ಬರಲಿಲ್ಲ. ಕ್ಷಮೆ ಕೇಳಲು ಮನೆಗೆ ಹೋದಾಗ ಚಹಾ ಕೊಟ್ಟು, "ಅದೇನೂ ಇಲ್ಲ ಬಿಡಿ" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಹಾಗಾದರೆ ನಮ್ಮದನ್ನೇ ಹಾಸ್ಯ ಮಾಡಿಕೊಂಡರೆ ಅಪಾಯವಿಲ್ಲವೇ? ಅಲ್ಲಿಯೂ ಎಚ್ಚರ ಬೇಕು. ಬ್ರಿಟನ್ನಿನ ಆಭರಣ ವ್ಯಾಪಾರಿ ಜೆರಾಲ್ಡ್ ರ‍್ಯಾಟ್ನರ್ 1991ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ತಮ್ಮ ಅಂಗಡಿಯ ಕಿವಿಯೋಲೆಯನ್ನು ಸಿಗಡಿ ಸ್ಯಾಂಡ್‌ವಿಚ್‌ಗೆ ಹೋಲಿಸಿ, ಸ್ಯಾಂಡ್‌ವಿಚ್ಚೇ ಹೆಚ್ಚು ಬಾಳಿಕೆ ಬರಬಹುದು ಎಂದರು. ಸಭೆ ನಕ್ಕಿತು. ಪತ್ರಿಕೆಗಳಲ್ಲಿ ಅದನ್ನು ಓದಿದ ಗಿರಾಕಿಗಳು ನಗಲಿಲ್ಲ. ಕಂಪೆನಿಯ ಮೌಲ್ಯ ಸುಮಾರು 50 ಕೋಟಿ ಪೌಂಡ್ ಕುಸಿಯಿತು. 1992ರಲ್ಲಿ ರ‍್ಯಾಟ್ನರ್ ಅವರೇ ಹೊರನಡೆಯಬೇಕಾಯಿತು. ಅವರು ಗೇಲಿ ಮಾಡಿದ್ದು ತಮ್ಮ ಸರಕನ್ನು. ಅವಮಾನವಾದದ್ದು ಅದನ್ನು ಆಸೆಯಿಂದ ಕೊಂಡವರಿಗೆ.

ಈಗ ನಾನು ನಗೆಮಾತನ್ನು ಮೊದಲು ಮನೆಯಲ್ಲಿ ಹೇಳಿ ನೋಡುತ್ತೇನೆ. ವಿಷಯಕ್ಕೆ ಹೊಂದದಿದ್ದರೆ ಬಿಟ್ಟುಬಿಡುತ್ತೇನೆ. ಬಣ್ಣ, ಗಾತ್ರ, ಬಡತನ, ಮಕ್ಕಳಿಲ್ಲದ ಕೊರಗು, ಇವುಗಳ ಗೊಡವೆಗೇ ಹೋಗುವುದಿಲ್ಲ. ಸಮಯಪಾಲನೆಯ ಬಗ್ಗೆ ಮಾತನಾಡುವಾಗ, ಫೋನಿನಲ್ಲಿ ಹರಟುತ್ತಾ ನಾನೇ ಸೀಯಿಸಿದ ರೊಟ್ಟಿಯ ಕಥೆ ಸಾಕಾಗುತ್ತದೆ. ಕೇಳುವವರು ತಮ್ಮ ರೊಟ್ಟಿಯನ್ನೂ ನೆನೆದು ನಗುತ್ತಾರೆ.

ಸಹೋದರಿಯರೇ, ನೀವೂ ನಗಿಸಿ. ಆದರೆ ನಗು ನಿಂತ ಮೇಲೆ ಯಾರಾದರೂ ತಲೆ ತಗ್ಗಿಸಿ ಕುಳಿತಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ.