ನಾನು ಓಡಿಸಿಬಿಟ್ಟ ದೃಶ್ಯ

2011ರ ಜನವರಿ. ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಬೆಂಗಳೂರಿನಿಂದ ಸೋದರಮಾವನ ಫೋನು ಬಂತು. "ಲೋ, ನಮ್ಮ ಮ್ಯಾಗಿ ಹೋಗ್ಬಿಟ್ಳಂತೆ ಕಣೋ. ಪೇಪರ್‌ನಲ್ಲಿ ಬಂದಿದೆ." ಪಕ್ಕದಲ್ಲಿದ್ದ ನನ್ನ ಹೆಂಡತಿ ಗಾಬರಿಯಾದಳು. ನಮ್ಮ ನೆಂಟರಿಷ್ಟರಲ್ಲಿ ಮ್ಯಾಗಿ ಎಂಬವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಆ ಹೆಸರಿನದು ಇದ್ದರೆ ಮಕ್ಕಳು ಎರಡು ನಿಮಿಷದಲ್ಲಿ ಬೇಯಿಸಿಕೊಳ್ಳುವ ಶ್ಯಾವಿಗೆ ಮಾತ್ರ.

ಮಾವ ಹೇಳಿದ್ದು ಇಂಗ್ಲಿಷ್ ನಟಿ ಸುಸಾನಾ ಯಾರ್ಕ್ ಬಗ್ಗೆ. ಜನವರಿ 15ರಂದು ಲಂಡನ್ನಿನಲ್ಲಿ ತೀರಿಕೊಂಡಿದ್ದರು. ವಯಸ್ಸು 72. ಆಸ್ಕರ್‌ಗೆ ನಾಮಕರಣಗೊಂಡಿದ್ದ, 1972ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದಿದ್ದ ಕಲಾವಿದೆ ಆಕೆ. 1978ರ 'ಸೂಪರ್‌ಮ್ಯಾನ್' ಚಿತ್ರದಲ್ಲಿ ಸೂಪರ್‌ಮ್ಯಾನನ ತಾಯಿ. ಆದರೆ ವಿಮಾನದ ಹುಚ್ಚು ಹಿಡಿದವರಿಗೆ ಇದಾವುದೂ ಮುಖ್ಯವಲ್ಲ. 1969ರಲ್ಲಿ ತೆರೆಕಂಡ 'ಬ್ಯಾಟಲ್ ಆಫ್ ಬ್ರಿಟನ್' ಚಿತ್ರದ ಸೆಕ್ಷನ್ ಆಫೀಸರ್ ಮ್ಯಾಗಿ ಹಾರ್ವೆ ಎಂದೇ ಅವರಿಗೆ ಆಕೆ ಗೊತ್ತು.

ನನ್ನ ಮಾವ ಎಚ್.ಎ.ಎಲ್. ಇಂಜಿನ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದವರು. 1988ರಲ್ಲಿ ನಾನು ಬಿ.ಎಸ್‌ಸಿ. ಓದುತ್ತಿದ್ದಾಗ ವಿಮಾನಪುರದ ಅವರ ಮನೆಯಲ್ಲೇ ಇದ್ದೆ. ಒಂದು ಶನಿವಾರ ರಾತ್ರಿ ವಿ.ಸಿ.ಪಿ. ಬಾಡಿಗೆಗೆ ತಂದು, ಅವರ ನಾಲ್ಕೈದು ಮಂದಿ ಸಹೋದ್ಯೋಗಿಗಳು ಸೇರಿ ಈ ಸಿನಿಮಾ ನೋಡಿದರು. ಅತ್ತೆ ಚುರುಮುರಿ ಮಾಡಿಕೊಟ್ಟು ಒಳಗೆ ಹೋಗಿ ಮಲಗಿದರು. ನನಗೆ ಆ ರಾತ್ರಿ ಒಂದು ಪಾಠಶಾಲೆಯಾಯಿತು.

ಅವರು ನೋಡುತ್ತಿದ್ದುದು ಕಥೆಯನ್ನಲ್ಲ. "ಅಲ್ಲಿ ನೋಡು, ಜರ್ಮನ್ನರ ಮೆಸ್ಸರ್‌ಶ್ಮಿಟ್ ಅಂತಾರೆ, ಮೂತಿ ಸರಿಯಿಲ್ಲ" ಎಂದರು ಮಾವ. ನಿಜ. ಅಸಲಿ ವಿಮಾನದಲ್ಲಿ ಇಂಜಿನನ್ನು ತಲೆಕೆಳಗಾಗಿ ಕೂರಿಸಿದ್ದರಿಂದ ಹೊಗೆ ಕೊಳವೆಗಳು ಮೂತಿಯ ಕೆಳಭಾಗದಲ್ಲಿರುತ್ತಿದ್ದವು. ಸಿನಿಮಾದಲ್ಲಿ ಮೇಲಿವೆ. ಏಕೆಂದರೆ ಅವು ಸ್ಪೇನ್ ದೇಶ ತನ್ನ ವಾಯುಪಡೆಗೆ ತಯಾರಿಸಿಕೊಂಡ ವಿಮಾನಗಳು. ಅವುಗಳೊಳಗೆ ಇದ್ದದ್ದು ಬ್ರಿಟಿಷರ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್! ಅಂದರೆ ಪರದೆಯ ಮೇಲೆ ಹೊಡೆದಾಡುವ ಸ್ಪಿಟ್‌ಫೈರ್‌ಗೂ ಅದರ ಶತ್ರುವಿಗೂ ಹೃದಯ ಒಂದೇ. ಸುಮಾರು ನೂರು ವಿಮಾನಗಳನ್ನು ಕಲೆಹಾಕಿ 1968ರಲ್ಲಿ ಇದರ ಚಿತ್ರೀಕರಣ ನಡೆಯಿತು. ಯುದ್ಧದ ಕಾಲದಲ್ಲಿ ಬಳಕೆಯಲ್ಲಿದ್ದ ಡಕ್ಸ್‌ಫರ್ಡ್ ನಿಲ್ದಾಣದಲ್ಲಿ ನಿಜವಾದ ಒಂದು ಹ್ಯಾಂಗರನ್ನೇ ಸ್ಫೋಟಿಸಿ ಉರುಳಿಸಿದರು.

ಹೀಗೆ ಮೊಳೆ-ಬೋಲ್ಟು ಎಣಿಸುತ್ತಿದ್ದ ಆ ಗುಂಪು ಒಂದೇ ಒಂದು ಕಡೆ ಸುಮ್ಮನಾಯಿತು. ಅದು ವಿಮಾನ ಹಾರಾಟದ ದೃಶ್ಯವಲ್ಲ. ಬಾಂಬ್ ದಾಳಿ ಮುಗಿದ ನಿಲ್ದಾಣದಲ್ಲಿ ಮ್ಯಾಗಿ ನಡೆದು ಬರುತ್ತಾಳೆ. ಅವಳ ಕೈಕೆಳಗಿನ ಹುಡುಗಿಯರ ಶವಗಳನ್ನು ಕಂಬಳಿ ಮುಚ್ಚಿ ಸಾಲಾಗಿ ಮಲಗಿಸಿದ್ದಾರೆ. ನಡುಗುವ ಕೈಯಿಂದ ಸಿಗರೇಟು ಹಚ್ಚಲು ಹೋಗುತ್ತಾಳೆ. ಗ್ಯಾಸ್ ಕೊಳವೆ ಒಡೆದಿದೆ, ಆರಿಸು ಎಂದು ಒಬ್ಬ ವಾರಂಟ್ ಆಫೀಸರ್ ಗದರುತ್ತಾನೆ. ನನ್ನ ಮೇಲೆ ಕೂಗಾಡಬೇಡ ಎಂದು ಅವಳು ತಿರುಗಿ ಅಬ್ಬರಿಸುತ್ತಾಳೆ. ಅಷ್ಟೇ. ಚುರುಮುರಿ ತಿನ್ನುತ್ತಿದ್ದ ಕೈಗಳು ನಿಂತಿದ್ದವು. "ಪಾಪ" ಎಂದರು ಮಾವ. ಮರುಕ್ಷಣ ಹೊಸ ವಿಮಾನವೊಂದು ಕಾಣಿಸಿತು, ಮಾತು ಮತ್ತೆ ಇಂಜಿನ್ನಿಗೆ ಹೊರಳಿತು.

ಅಂದು ಮಾವ ಹೇಳಿಕೊಟ್ಟ ಒಂದು ಸಂಗತಿಯನ್ನು ಮುಂದೆ ಎಷ್ಟೋ ವರ್ಷ ನಾನು ತರಗತಿಯಲ್ಲಿ ಹೇಳಿದ್ದೇನೆ. ಬಸ್ಸು ವೇಗವಾಗಿ ಹೋಗಿ ರಸ್ತೆಯುಬ್ಬಿನಿಂದ ಧುಮುಕಿದಾಗ ಹೊಟ್ಟೆಯೊಳಗಿನದೆಲ್ಲ ಮೇಲೆದ್ದಂತಾಗುತ್ತದಲ್ಲವೆ? ಸ್ಪಿಟ್‌ಫೈರ್ ತಟ್ಟನೆ ಮೂತಿ ತಗ್ಗಿಸಿದರೆ ಅದರ ಕಾರ್ಬುರೇಟರಿನಲ್ಲಿದ್ದ ಪೆಟ್ರೋಲಿಗೂ ಹಾಗೇ ಆಗುತ್ತಿತ್ತು. ಇಂಧನ ಮೇಲಕ್ಕೆ ನುಗ್ಗಿ ಇಂಜಿನ್ನು ಮೊದಲು ಒಣಗುತ್ತಿತ್ತು, ಆಮೇಲೆ ಇಂಧನ ಅತಿಯಾಗಿ ಕಟ್ಟಿಕೊಳ್ಳುತ್ತಿತ್ತು. ಜರ್ಮನ್ನರ ಇಂಜಿನ್ನಿಗೆ ಇಂಧನವನ್ನು ನೇರವಾಗಿ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅವರಿಗೆ ಈ ತೊಂದರೆ ಇರಲಿಲ್ಲ. 1941ರಲ್ಲಿ ಇದಕ್ಕೆ ಸಿಕ್ಕಿದ ಪರಿಹಾರ, ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಣುಕು. ಇಂಜಿನ್ನಿಗೆ ಗರಿಷ್ಠ ಎಷ್ಟು ಇಂಧನ ಬೇಕೋ ಅಷ್ಟನ್ನು ಮಾತ್ರ ಅದು ಒಳಗೆ ಬಿಡುತ್ತಿತ್ತು. "ಒಬ್ಬ ಇಂಜಿನಿಯರು ತಲೆ ಓಡಿಸಿದ, ವಾಷರಿನಂಥ ಒಂದು ತುಂಡು ಸಾವಿರಾರು ವಿಮಾನಗಳ ಕಷ್ಟ ನೀಗಿತು ನೋಡಿ" ಎಂದು ನಾನು ಪಾಠ ಮುಗಿಸುತ್ತಿದ್ದೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೇ ಬರುತ್ತೇನೆ.

1997ರಲ್ಲಿ, ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮಾವನ ಹತ್ತಿರವಿದ್ದ ಕ್ಯಾಸೆಟ್ ತಂದು, ವಿಜ್ಞಾನ ಸಂಘದ ಹೆಸರಿನಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಈ ಸಿನಿಮಾ ತೋರಿಸಿದೆ. ಅದರಲ್ಲಿ ಗಂಡ-ಹೆಂಡತಿ ಹೋಟೆಲ್ ಕೋಣೆಯಲ್ಲಿ ಜಗಳವಾಡುವ ಒಂದು ದೃಶ್ಯವಿದೆ. ಮಕ್ಕಳಿಗೆ ತೋರಿಸುವಂಥದ್ದಲ್ಲ ಎನಿಸಿ ಕ್ಯಾಸೆಟ್ ಓಡಿಸಿದೆ. ಒಮ್ಮೆ ಗುಂಡಿಯ ಮೇಲೆ ಬೆರಳಿಟ್ಟ ಮೇಲೆ ಆ ಬೆರಳಿಗೆ ಅದೇ ಅಭ್ಯಾಸವಾಯಿತು. ತೆರೆಯ ಮೇಲೆ ಹೆಂಗಸು ಬಂದಳೋ, ಓಡಿಸು. ಶವಗಳ ಸಾಲು, ಸಿಗರೇಟು ಎಲ್ಲವೂ ಗೆರೆಗೆರೆಯಾಗಿ ಓಡಿಹೋದವು. ನನಗೆ ಬೇಕಾದದ್ದು ವಿಮಾನಗಳು ಮಾತ್ರ.

ಸಿನಿಮಾ ಮುಗಿದ ಮೇಲೆ ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಲೆಕ್ಕದಲ್ಲಿ, ವಿಜ್ಞಾನದಲ್ಲಿ ಅವಳೇ ಮುಂದು. ಕೆಟ್ಟ ಟಾರ್ಚು ಬಿಚ್ಚಿ ಸರಿ ಮಾಡುವ ಜಾತಿಯವಳು. "ಸರ್, ಆ ಯೂನಿಫಾರಂ ಹಾಕಿದ್ದ ಹೆಂಗಸು ಏನು ಕೆಲಸ ಮಾಡ್ತಿದ್ರು? ಅವರೂ ವಿಮಾನ ಓಡಿಸ್ತಿದ್ರಾ?" ಎಂದು ಕೇಳಿದಳು. ಹುಡುಗರು ನಕ್ಕರು. ನಾನೂ ನಗುತ್ತಲೇ ಹೇಳಿದೆ: "ಇಲ್ಲಮ್ಮ, ಅವಳು ಪೈಲಟ್‌ನ ಹೆಂಡತಿ ಅಷ್ಟೇ." ಅವಳು ಕೂತಳು.

ಪರೀಕ್ಷೆ ಮುಗಿದ ಮೇಲೆ ಅವಳ ತಂದೆ ಮನೆಗೆ ಬಂದರು. ಒಂದೂವರೆ ಎಕರೆ ಹೊಲದ ರೈತ. "ವಿಮಾನದ ರಿಪೇರಿ ಓದ್ಬೇಕಂತಾಳೆ ಸಾ. ಅಂಥಾದ್ದು ಐತಾ? ನೀವ್ ಹೇಳ್ದಂಗೆ ಮಾಡ್ತೀವಿ" ಎಂದರು. ಅಂಥದ್ದು ಇತ್ತು. ನನಗೆ ಗೊತ್ತೂ ಇತ್ತು. ಡಿಪ್ಲೊಮಾ ಇತ್ತು, ತರಬೇತಿ ಇತ್ತು, ಕೇಳಿದ್ದರೆ ದಾರಿ ಹೇಳಲು ನನ್ನ ಮಾವನೇ ಇದ್ದರು. ಆದರೂ ನಾನು ಹೇಳಿದ್ದು ಹೀಗೆ: "ಹೆಣ್ಣುಮಗು, ಯಾಕೆ ಸುಮ್ಮನೆ. ಪಿ.ಯು.ಸಿ. ಮಾಡಿಸಿ ಟಿ.ಸಿ.ಎಚ್.ಗೆ ಸೇರಿಸಿ." ಆತ ಕೈಮುಗಿದು ಹೋದರು.

ಮಾವನ ಫೋನು ಬಂದ ಆ ವಾರ ನಾನು ಒಬ್ಬನೇ ಕೂತು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಈ ಸಲ ಏನನ್ನೂ ಓಡಿಸಲಿಲ್ಲ. ಮ್ಯಾಗಿಯ ಕೂದಲಿನ ಕಟ್ಟು 1940ರದ್ದಲ್ಲ, 1960ರ ದಶಕದ್ದು ಎಂದು ವಿಮಾನಪ್ರಿಯರು ತಕರಾರು ತೆಗೆಯುವುದುಂಟು. ಇರಬಹುದು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನೆಲದಡಿಯ ಕೊಠಡಿಯಲ್ಲಿ, ಮುಖವೆಲ್ಲ ಸುಟ್ಟುಹೋದ ಒಬ್ಬ ಅಧಿಕಾರಿಯನ್ನು ಅವಳು ಎದುರಾಗುತ್ತಾಳೆ. ಅದು ಮೇಕಪ್ಪಲ್ಲ. ಆ ಪಾತ್ರ ಮಾಡಿದ ಬಿಲ್ ಫಾಕ್ಸ್‌ಲಿ 1944ರಲ್ಲಿ ಬಾಂಬರ್ ವಿಮಾನ ನೆಲಕ್ಕಪ್ಪಳಿಸಿ ಉರಿಯುವಾಗ, ಒಳಗೆ ಸಿಕ್ಕಿಬಿದ್ದ ಜೊತೆಗಾರನನ್ನು ಉಳಿಸಲು ಮರಳಿ ಹೋಗಿ ಸುಟ್ಟುಕೊಂಡವರು. ಅಂಥ ವೈಮಾನಿಕರಿಗೆ ಚಿಕಿತ್ಸೆ ಮಾಡಿದ ಸರ್ಜನ್ ಆರ್ಚಿಬಾಲ್ಡ್ ಮೆಕಿಂಡೋ, ಸಮುದ್ರಕ್ಕೆ ಬಿದ್ದವರ ಸುಟ್ಟಗಾಯ ಚೆನ್ನಾಗಿ ಮಾಯುವುದನ್ನು ಗಮನಿಸಿ ಉಪ್ಪುನೀರಿನ ಸ್ನಾನವನ್ನು ಜಾರಿಗೆ ತಂದರು. ಫಾಕ್ಸ್‌ಲಿ ತೀರಿಕೊಂಡದ್ದು 2010ರ ಡಿಸೆಂಬರಿನಲ್ಲಿ, ಸುಸಾನಾ ಯಾರ್ಕ್‌ಗಿಂತ ಕೆಲವೇ ವಾರ ಮೊದಲು. ಸಿನಿಮಾದಲ್ಲಿ ಮ್ಯಾಗಿ ಆ ಮುಖವನ್ನು ನೋಡಿ ಸಾವರಿಸಿಕೊಳ್ಳುತ್ತಾಳೆ. ಮುಂದೆ ಅವಳ ಗಂಡನೇ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರುತ್ತಾನೆ. ವಿಮಾನಗಳನ್ನೇ ಎಣಿಸುತ್ತಿದ್ದ ನನಗೆ ಇದೊಂದೂ ಕಂಡಿರಲಿಲ್ಲ.

ಆಮೇಲೆ ಪುಸ್ತಕ, ಕಂಪ್ಯೂಟರು ಹುಡುಕಿ, ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಂಡೆ. ಹದಿನಾಲ್ಕು ವರ್ಷ ತಡವಾಗಿ.

ಮ್ಯಾಗಿಯಂಥ ಹೆಂಗಸರು ಏನು ಕೆಲಸ ಮಾಡುತ್ತಿದ್ದರು? ಇಂಗ್ಲೆಂಡಿನ ಕರಾವಳಿಯುದ್ದಕ್ಕೂ ರೇಡಾರ್ ಕಂಬಗಳಿದ್ದವು. ರೇಡಿಯೋ ತರಂಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆದ್ದರಿಂದ 150 ಕಿಲೋಮೀಟರ್ ದೂರದ ವಿಮಾನಕ್ಕೆ ಬಡಿದು ಮರಳಲು ಅದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಆ ಮಿನುಗನ್ನು ಓದಿ ಹೇಳುವವರಲ್ಲಿ ಹೆಂಗಸರಿದ್ದರು. ಸುದ್ದಿ ಫೋನಿನಲ್ಲಿ ಕೇಂದ್ರಕ್ಕೆ ಬಂದರೆ, ದೊಡ್ಡ ಮೇಜಿನ ಮೇಲಿನ ನಕ್ಷೆಯಲ್ಲಿ ಉದ್ದನೆಯ ಕೋಲಿನಿಂದ ಚೌಕಾಬಾರದ ಕಾಯಿಗಳಂತೆ ಗುರುತುಗಳನ್ನು ನಡೆಸುವವರು ಹೆಂಗಸರು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೊಂದರಂತೆ ಕೆಂಪು, ಹಳದಿ, ನೀಲಿ ಬಣ್ಣ. ಸುದ್ದಿ ಬಂದಾಗ ಮುಳ್ಳು ಯಾವ ಬಣ್ಣದಲ್ಲಿತ್ತೋ ಅದೇ ಬಣ್ಣದ ಗುರುತು. ಯಾವ ಸುದ್ದಿ ತಾಜಾ, ಯಾವುದು ಹಳತು ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಈ ಮೇಜು ಇಲ್ಲದಿದ್ದರೆ ಸ್ಪಿಟ್‌ಫೈರ್ ಕುರುಡು.

ಕೆಲಸ ಸುರಕ್ಷಿತವಾದದ್ದೂ ಅಲ್ಲ. ಬಿಗಿನ್ ಹಿಲ್ ನಿಲ್ದಾಣದ ಮೇಲೆ 1940ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಬಾಂಬುಗಳು ಬೀಳುವಾಗ ಫೋನು ಬಿಟ್ಟೇಳದ ಜೋನ್ ಮಾರ್ಟಿಮರ್, ಎಲ್ಸ್‌ಪೆತ್ ಹೆಂಡರ್‌ಸನ್, ಹೆಲೆನ್ ಟರ್ನರ್ ಎಂಬ ಮೂವರಿಗೆ ಮಿಲಿಟರಿ ಮೆಡಲ್ ಸಿಕ್ಕಿತು. ಮಾರ್ಟಿಮರ್ ಹೊರಗೆ ಹೋಗಿ, ಸಿಡಿಯದೆ ಬಿದ್ದಿದ್ದ ಬಾಂಬುಗಳ ಪಕ್ಕ ಕೆಂಪು ಬಾವುಟ ನೆಟ್ಟು ಬಂದವರು. ಅದೇ ಮಹಿಳಾ ದಳಕ್ಕೆ 1940ರ ನವೆಂಬರಿನಲ್ಲಿ ಸೇರಿ ವೈರ್‌ಲೆಸ್ ಕಲಿತವರು ನೂರ್ ಇನಾಯತ್ ಖಾನ್. ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದ ಕುಡಿ. ಗುಪ್ತವಾಗಿ ಫ್ರಾನ್ಸಿಗೆ ಹೋಗಿ ಸಂದೇಶ ಕಳಿಸುತ್ತಿದ್ದು, ಸೆರೆಸಿಕ್ಕು, 1944ರ ಸೆಪ್ಟೆಂಬರಿನಲ್ಲಿ ಡಕಾವ್ ಶಿಬಿರದಲ್ಲಿ ಕೊಲೆಯಾದರು.

"ಅವರೂ ವಿಮಾನ ಓಡಿಸ್ತಿದ್ರಾ?" ಓಡಿಸುತ್ತಿದ್ದರು! ಯುದ್ಧಕ್ಕಲ್ಲ, ಕಾರ್ಖಾನೆಯಿಂದ ನಿಲ್ದಾಣಕ್ಕೆ ಮುಟ್ಟಿಸಲು. ಅದಕ್ಕೆಂದೇ ಇದ್ದ ಬೇರೆ ಸಂಸ್ಥೆಗೆ 1940ರ ಜನವರಿಯಲ್ಲಿ ಎಂಟು ಮಂದಿ ಮಹಿಳಾ ಪೈಲಟ್‌ಗಳು ಸೇರಿದರು. 1941ರಿಂದ ಮಹಿಳೆಯರು ಯುದ್ಧವಿಮಾನಗಳನ್ನೂ ಹಾರಿಸಿ ತಲುಪಿಸಿದರು.

ಇನ್ನು ಆ ವಾಷರು. ಅದನ್ನು ಮಾಡಿದವರ ಹೆಸರು ಬಿಯಾಟ್ರಿಸ್ ಶಿಲ್ಲಿಂಗ್. ಫಾರ್ನ್‌ಬರೋ ಸಂಶೋಧನಾ ಕೇಂದ್ರದ ಇಂಜಿನಿಯರ್, ಬಿಡುವಿನಲ್ಲಿ ಮೋಟಾರ್ ಸೈಕಲ್ ರೇಸಿನಲ್ಲಿ ಗಂಟೆಗೆ ನೂರು ಮೈಲಿ ದಾಟಿ ಓಡಿಸಿದ ಹೆಂಗಸು. ಹೆಂಗಸು! ನಾನು ಹತ್ತೊಂಬತ್ತು ವರ್ಷ ಕರಿಹಲಗೆಯ ಮುಂದೆ ನಿಂತು "ಇಂಜಿನಿಯರು ತಲೆ ಓಡಿಸಿದ" ಎಂದಿದ್ದೆ. ನಮ್ಮ ಕನ್ನಡದಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. ಗೊತ್ತಿಲ್ಲದಿದ್ದರೆ "ಓಡಿಸಿದರು" ಎನ್ನಬಹುದಿತ್ತು. ನನಗೆ ಗೊತ್ತಿಲ್ಲ ಎಂಬುದೇ ಗೊತ್ತಿರಲಿಲ್ಲ.

2014ರಲ್ಲಿ ತಾಲ್ಲೂಕು ಮಟ್ಟದ ಒಂದು ಶಿಕ್ಷಕರ ಕಾರ್ಯಾಗಾರದಲ್ಲಿ ಯಾರೋ ಬಂದು ಕಾಲು ಮುಟ್ಟಿದರು. ಅವಳೇ. "ನೀವು ಹೇಳಿದ ಹಾಗೇ ಟಿ.ಸಿ.ಎಚ್. ಮಾಡಿದೆ ಸರ್. ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೀನಿ" ಎಂದಳು. ದೂರಿನ ಛಾಯೆಯೂ ಇರಲಿಲ್ಲ. ಮೇಷ್ಟ್ರ ಕೆಲಸ ಕೀಳೆಂದು ನಾನು ಹೇಳುವುದಿಲ್ಲ, ನನ್ನ ಅನ್ನವೂ ಅದೇ. ಆದರೆ ಅದನ್ನು ಅವಳು ಆರಿಸಿಕೊಳ್ಳಲಿಲ್ಲ, ಅವಳಿಗಾಗಿ ನಾನು ಆರಿಸಿದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ರೇಡಾರ್, ಬಣ್ಣದ ಗಡಿಯಾರ, ಬಿಗಿನ್ ಹಿಲ್, ನೂರ್, ಶಿಲ್ಲಿಂಗ್. "ಅವತ್ತು ನಿನಗೆ ತಪ್ಪು ಉತ್ತರ ಕೊಟ್ಟೆ ಕಣಮ್ಮ. ನಿಮ್ಮಪ್ಪನಿಗೂ" ಎಂದೆ. ಅವಳು ಸ್ವಲ್ಪ ಹೊತ್ತು ತಟ್ಟೆ ನೋಡುತ್ತಿದ್ದಳು. ಆಮೇಲೆ ಪರ್ಸಿನಿಂದ ಪೆನ್ನು ತೆಗೆದು, "ಆ ಇಂಜಿನಿಯರ್ ಹೆಸರು ಇನ್ನೊಂದ್ಸಲ ಹೇಳಿ ಸರ್, ನಮ್ಮ ಮಕ್ಕಳಿಗೆ ಹೇಳ್ತೀನಿ" ಎಂದಳು.

2016ರಲ್ಲಿ ನಮ್ಮ ವಾಯುಪಡೆಗೆ ಮೂವರು ಹೆಣ್ಣುಮಕ್ಕಳು ಯುದ್ಧವಿಮಾನದ ಪೈಲಟ್‌ಗಳಾಗಿ ಸೇರಿದರು. ಮುಂದಿನ ತರಬೇತಿ ಪಡೆದದ್ದು ನಮ್ಮ ಬೀದರಿನಲ್ಲಿ. ಆ ಸುದ್ದಿ ಬಂದ ದಿನ ಫೋನ್ ಮಾಡಿದ್ದು ಮಾವನಲ್ಲ, ಅವಳು.

ನಾನು ಈಗಲೂ ಪ್ರತಿವರ್ಷ ಮಕ್ಕಳಿಗೆ ಈ ಸಿನಿಮಾ ತೋರಿಸುತ್ತೇನೆ. ಹೋಟೆಲಿನ ದೃಶ್ಯವೊಂದನ್ನು ಬಿಟ್ಟು ಬೇರೇನನ್ನೂ ಓಡಿಸುವುದಿಲ್ಲ. ಕಂಬಳಿ ಮುಚ್ಚಿದ ಸಾಲಿನ ಪಕ್ಕ ಮ್ಯಾಗಿ ನಡೆದು ಬರುವಾಗ ಚಿತ್ರ ನಿಲ್ಲಿಸಿ, "ಇವರು ಯಾರು, ಏನು ಕೆಲಸ ಮಾಡುತ್ತಿದ್ದರು, ಹೇಳಿ ನೋಡೋಣ" ಎಂದು ನಾನೇ ಕೇಳುತ್ತೇನೆ. ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗು ವಿಚಿತ್ರವಾದ ಪ್ರಶ್ನೆ ಕೇಳಿಕೊಂಡು ಮನೆಗೆ ಬಂದರೆ ನಮ್ಮಂಥ ಮೇಷ್ಟ್ರುಗಳ ಮೊದಲ ಉತ್ತರಕ್ಕೇ ತೃಪ್ತರಾಗಿ ಕೈಮುಗಿದು ಹೋಗಬೇಡಿ. ಇನ್ನೊಮ್ಮೆ ಕೇಳಿ.