ಹಾಡಿನ ಪೆಟ್ಟಿಗೆಗೆ ಒಡೆಯನಾರು?

ಸಂಗೀತವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಭಾಗ್ಯ ಹಿಂದಿನ ಅರಸರಿಗೂ ಇರಲಿಲ್ಲ. ಅವರ ಆಸ್ಥಾನದಲ್ಲಿ ವಿದ್ವಾಂಸರಿದ್ದರು, ನಿಜ. ಆದರೆ ವಿದ್ವಾಂಸರಿಗೆ ನಿದ್ರೆಯುಂಟು, ನೆಗಡಿಯುಂಟು, ಮುನಿಸೂ ಉಂಟು. ಇಂದಿನ ಸಾಮಾನ್ಯ ಗೃಹಸ್ಥನು ಬೆಂಕಿಪೊಟ್ಟಣದಷ್ಟಿರುವ ಯಂತ್ರವೊಂದನ್ನು ಅಂಗಿಯ ಜೇಬಿಗಿಳಿಸಿ, ಬೇಕೆಂದಾಗ ತೋಡಿಯನ್ನೂ ಸಾಕೆಂದಾಗ ಮೌನವನ್ನೂ ಪಡೆಯಬಲ್ಲನು. ಆದರೆ ಆ ಯಂತ್ರಕ್ಕೆ ಒಡೆಯನು ತಾನೇ ಹೌದೋ ಅಲ್ಲವೋ ಎಂಬುದನ್ನು ಆತನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈ ಮಾತಿನ ಮರ್ಮ ಮುಕ್ತ ತಂತ್ರಾಂಶವನ್ನು ನೆಚ್ಚಿದವನಿಗೆ ಬೇಗ ತಿಳಿಯುತ್ತದೆ. ಅವನ ಮನೆಯ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ ಲೋಕಕ್ಕೆ ತೆರೆದಿಟ್ಟ ವ್ಯವಸ್ಥೆ. ತಂದೆಯ ಕಾಲದ ಕ್ಯಾಸೆಟ್ಟುಗಳನ್ನು ಅವನು ರಾತ್ರಿಗಳನ್ನು ವೆಚ್ಚಮಾಡಿ ಅದಕ್ಕೆ ಇಳಿಸಿಕೊಂಡಿದ್ದಾನೆ. ಮನೆಯ ಮದುವೆಯಲ್ಲಿ ಅಜ್ಜಿ ಹಾಡಿದ ಆರತಿಯ ಹಾಡೂ ಅದರಲ್ಲಿದೆ. ಅದು ಯಾವ ಅಂಗಡಿಯಲ್ಲಿಯೂ ದೊರೆಯುವಂಥದಲ್ಲ. "ಇದು ಲಿನಕ್ಸಿಗೆ ಹೊಂದುತ್ತದೆಯೆ?" ಎಂದು ಕೇಳಿದರೆ ಮಾರುವವನು ಪೆಟ್ಟಿಗೆಯ ಬಣ್ಣವನ್ನು ವರ್ಣಿಸತೊಡಗುತ್ತಾನೆ.

ಆತನ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಆಪಲ್ ಸಂಸ್ಥೆಯು 2001ರಲ್ಲಿ ಸಾವಿರ ಹಾಡು ಹಿಡಿಯುವ ಐಪಾಡನ್ನು ಹೊರತಂದಿತು. ಅದರ ಅಂದಕ್ಕೆ ಎಣೆಯಿರಲಿಲ್ಲ. ಆದರೆ ಹಾಡುಗಳು ಒಳಹೋಗಲು ಐಟ್ಯೂನ್ಸ್ ಎಂಬ ಪಾರುಪತ್ತೆಗಾರನ ಅಪ್ಪಣೆ ಬೇಕಿತ್ತು. ಅವನೋ ಲಿನಕ್ಸಿನ ಮನೆಗೆ ಎಂದೂ ಕಾಲಿಡಲಿಲ್ಲ. ಒಳಹೊಕ್ಕ ಹಾಡುಗಳು ಸ್ವಂತ ಹೆಸರನ್ನು ಕಳೆದುಕೊಂಡು, ನಾಲ್ಕಕ್ಷರದ ಗುಪ್ತನಾಮ ಧರಿಸಿ, ಮರೆಯಲ್ಲಿ ಅಡಗಿರುತ್ತಿದ್ದವು. ಮುಕ್ತ ತಂತ್ರಾಂಶದವರು ಈ ಕಟ್ಟನ್ನು ಬಿಡಿಸಿದರು. 2007ರ ಹೊಸ ಮಾದರಿಗಳಲ್ಲಿ ಹಾಡಿನ ಪಟ್ಟಿಗೆ ಗೂಢಮುದ್ರೆಯೊಂದು ಸೇರಿತು. ಅದಿಲ್ಲದೆ ಬರೆದ ಪಟ್ಟಿಯನ್ನು ಯಂತ್ರವು ಬರಿದೆಂದೇ ಎಣಿಸಿತು. ಕೆಲವೇ ದಿನಗಳಲ್ಲಿ ಅದನ್ನೂ ಬಿಡಿಸಿದರು. ಆದರೆ ದುಡ್ಡು ಕೊಟ್ಟು ಕೊಂಡವನಿಗೆ ಈ ಕಾದಾಟವೇಕೆ?

ಬೇರೆಡೆಯ ಅನುಭವವೂ ಹೀಗೆಯೇ. ಮೈಕ್ರೋಸಾಫ್ಟ್ 2004ರಲ್ಲಿ 'ಪ್ಲೇಸ್ ಫಾರ್ ಶೂರ್', ಖಂಡಿತ ನುಡಿಯುತ್ತದೆ, ಎಂಬ ಮುದ್ರೆಯನ್ನು ಪ್ರಚಾರಕ್ಕೆ ತಂದಿತು. ಎರಡು ವರ್ಷಗಳ ತರುವಾಯ ಅದೇ ಸಂಸ್ಥೆಯ ಜೂನ್ ಯಂತ್ರವು ಆ ಮುದ್ರೆಯ ಅಂಗಡಿಗಳಲ್ಲಿ ಕೊಂಡ ಹಾಡುಗಳನ್ನು ನುಡಿಸಲೊಲ್ಲದೆ ಹೋಯಿತು!

ಇದಕ್ಕೆ ಪ್ರತಿಯಾಗಿ, ತಮ್ಮ ಯಂತ್ರದ ಮೂಲ ತಂತ್ರಾಂಶ ಮನಸ್ಸಿಗೆ ಒಪ್ಪದ ಸ್ವೀಡನ್ನಿನ ಕೆಲವರು 2001ರಲ್ಲಿ 'ರಾಕ್‌ಬಾಕ್ಸ್' ಬರೆಯಲು ತೊಡಗಿದರು. ಅದು ಮುಂದೆ ಅನೇಕ ಯಂತ್ರಗಳಿಗೆ, ಐಪಾಡಿನ ಹಲವು ಮಾದರಿಗಳಿಗೂ, ಒದಗಿಬಂತು. ಪರದೆಯ ಮೇಲಿನ ಪಟ್ಟಿಯನ್ನು ಅಂಧರಿಗಾಗಿ ಓದಿ ಹೇಳುವ ಏರ್ಪಾಡೂ ಅದರಲ್ಲುಂಟು.

ಕೊಳ್ಳುವವನು ನೋಡಬೇಕಾದುದು ಮೂರು. ತಂತಿಯಿಂದ ಜೋಡಿಸಿದೊಡನೆ ಪೆಟ್ಟಿಗೆಯು ಸಾಮಾನ್ಯ ಪೆನ್‌ಡ್ರೈವಿನಂತೆ ತೆರೆದುಕೊಳ್ಳಬೇಕು. ಹಾಗಿದ್ದಲ್ಲಿ ನಡುವೆ ಯಾವ ಪಾರುಪತ್ತೆಗಾರನೂ ಬೇಡ. ಎರಡನೆಯದಾಗಿ, ಎಂಪಿ3 ಅಲ್ಲದೆ ಆಗ್ ವೋರ್ಬಿಸ್, ಫ್ಲ್ಯಾಕ್ ಎಂಬ ಮುಕ್ತ ರೂಪಗಳನ್ನೂ ಅದು ನುಡಿಸಬೇಕು. ಎಂಪಿ3ರ ಹಕ್ಕಿನ ಪರವಾನಗಿ ವ್ಯವಹಾರ 2017ರಲ್ಲಿ ಮುಗಿದುದರಿಂದ ಅದರ ತೊಡಕೂ ಇಂದಿಲ್ಲ. ಮೂರನೆಯದಾಗಿ, ತೆಗೆದಿಡಬಲ್ಲ ಮೆಮೊರಿ ಕಾರ್ಡಿಗೆ ಸ್ಥಳವಿರಬೇಕು. ಯಂತ್ರ ಕೆಟ್ಟರೂ ಕಾರ್ಡು ಕೈಯಲ್ಲಿರುತ್ತದೆ.

ಯಂತ್ರವು ಕೆಡುವುದಂತೂ ಖಂಡಿತ. ಐಪಾಡಿನ ಸಂತತಿಯೇ 2022ರಲ್ಲಿ ನಿಂತುಹೋಯಿತು. ಅದರ ಕೆಲಸವನ್ನು ಬಹುಮಂದಿಗೆ ಫೋನೇ ಮಾಡುತ್ತಿದೆ. ಪೆಟ್ಟಿಗೆ ಹಳತಾದರೆ ಮತ್ತೊಂದನ್ನು ತರಬಹುದು; ಅಜ್ಜಿಯ ಹಾಡನ್ನು ಮತ್ತೆ ತರಲಾಗದು. ಆದುದರಿಂದ ಜಾಣನಾದ ಗೃಹಸ್ಥನು ಎಷ್ಟು ಹಾಡು ಹಿಡಿಯುತ್ತದೆಂದು ಕೇಳುವುದಕ್ಕೆ ಮೊದಲು, ಹಿಡಿದ ಹಾಡನ್ನು ಕೇಳಿದಾಗ ಹಿಂದಿರುಗಿಸುತ್ತದೆಯೆ ಎಂದು ವಿಚಾರಿಸುತ್ತಾನೆ.