ತೊಗಟೆಯಿಂದ ತಲೆಬುರುಡೆಯ ಒಳಗೆ

ಬಯೋಟೆಕ್ ಓದುವವರಿಗೆ ಊರಿನಲ್ಲಿ ಒಂದು ವಿಚಿತ್ರ ಗೌರವ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್‌ನವರನ್ನು ಪ್ರಿಂಟರ್ ಸರಿ ಮಾಡೋಕೆ ಕರೆಯುವ ಹಾಗೆ, ನಮ್ಮನ್ನು ಅರ್ಧ ಡಾಕ್ಟರ್ ಅಂತ ತಿಳಿದು ಕಾಯಿಲೆಯ ಪ್ರಶ್ನೆ ಕೇಳ್ತಾರೆ. ಅರಿಶಿನ ತಿಂದ್ರೆ ಕ್ಯಾನ್ಸರ್ ಬರಲ್ವಂತೆ, ಲಕ್ಷ್ಮಣಫಲ ಕೀಮೋಗಿಂತ ಜೋರಂತೆ, ನಿಜವೇನ್ರೋ? ಹಬ್ಬಕ್ಕೆ ಊರಿಗೆ ಹೋದಾಗೆಲ್ಲ ಇಂಥ ಒಂದಾದರೂ ಫಾರ್ವರ್ಡ್ ಮೆಸೇಜನ್ನು ನಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಸಾಮಾನ್ಯವಾಗಿ ನಕ್ಕು ತಪ್ಪಿಸಿಕೊಳ್ಳುತ್ತೇವೆ.

ನಾವು ಮೂವರು ರೂಮ್‌ಮೇಟ್‌ಗಳು, ಇಬ್ಬರು ಬಯೋಟೆಕ್, ಒಬ್ಬ ಇಸಿ. ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ ನಮ್ಮ ಇಸಿಯವನ ದೊಡ್ಡಪ್ಪ ತೋಟದಲ್ಲಿ ಫಿಟ್ಸ್ ಬಂದು ಬಿದ್ದರು. ಎಂಆರ್‌ಐ ಆಯಿತು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಮೇಲೆ ಬಂದ ರಿಪೋರ್ಟಿನಲ್ಲಿ ಗ್ಲಿಯೋಬ್ಲಾಸ್ಟೋಮ ಎಂದಿತ್ತು, ಗ್ರೇಡ್ 4. ಮಿದುಳಿನಲ್ಲೇ ಹುಟ್ಟುವ ಗೆಡ್ಡೆಗಳಲ್ಲಿ ತೀರಾ ಕೆಟ್ಟದ್ದು ಇದು. ಡಿಸ್ಚಾರ್ಜ್ ಆಗಿ ವಾರಕ್ಕೆ ಸರಿಯಾಗಿ ಯಾರೋ ನೆಂಟರು ಒಂದು ತೊಗಟೆ ಪುಡಿಯ ಪೊಟ್ಟಣ ತಂದುಕೊಟ್ಟಿದ್ದರು. ನೋಡಲು ಹೋದ ನಮ್ಮನ್ನು ದೊಡ್ಡಮ್ಮ ಅಡುಗೆಮನೆಗೆ ಕರೆದು ಕೇಳಿದರು: "ಓದ್ಕೊಂಡಿರೋ ಮಕ್ಳು, ನೀವೇ ಹೇಳ್ರಪ್ಪ. ಈ ಪುಡಿ ಕೊಡ್ಲಾ, ಬ್ಯಾಡ್ವಾ?"

ಈ ಸಲ ನಕ್ಕು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇಂಟರ್ನಲ್ಸ್‌ಗೂ ಓದದಷ್ಟು ನಾವು ಓದಿದ್ದು ಆ ತಿಂಗಳು.

ಮೊದಲು ಅರಿಶಿನದ ವಿಷಯ, ಯಾಕಂದರೆ ಎಲ್ಲ ಮೆಸೇಜುಗಳ ತಾಯಿ ಅದೇ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಸುಳ್ಳಲ್ಲ. ಆದರೆ ತಟ್ಟೆಯಲ್ಲಿ ಕೋಶ ಕೊಲ್ಲೋದು ದೊಡ್ಡ ಸಾಹಸವಲ್ಲ, ಸೋಪಿನ ನೀರು ಹಾಕಿದರೂ ಸಾಯುತ್ತವೆ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬೇಗ ಒಡೆದುಹೋಗುತ್ತದೆ, ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಸಿಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. 2017ರಲ್ಲಿ ಔಷಧ ರಸಾಯನಶಾಸ್ತ್ರದ ದೊಡ್ಡ ಜರ್ನಲ್ ಒಂದು ಇದರ ಬಗ್ಗೆ ಉದ್ದನೆಯ ವಿಮರ್ಶೆ ಪ್ರಕಟಿಸಿತು. ಅಷ್ಟರಲ್ಲಿ 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದಿದ್ದವು. ರೋಗಿಗೂ ಡಾಕ್ಟರಿಗೂ ಯಾರಿಗೆ ಏನು ಕೊಟ್ಟಿದ್ದೇವೆಂದು ತಿಳಿಯದಂತೆ, ಸುಳ್ಳು ಮಾತ್ರೆಯ ಜೊತೆ ಹೋಲಿಸಿ ಮಾಡಿದ ಟ್ರಯಲ್‌ಗಳಲ್ಲಿ ಒಂದೂ ಯಶಸ್ವಿಯಾಗಿರಲಿಲ್ಲ. ಸಾರಿಗೆ ಹಾಕಬೇಡಿ ಅಂತಲ್ಲ. ಅದು ಸಾರಿಗೆ ಸರಿ.

ಹಾಗಂತ ಗಿಡಮೂಲಿಕೆಯೆಲ್ಲ ಬೊಗಳೆ ಅಂದುಬಿಟ್ಟರೆ ಅದೂ ಸುಳ್ಳೇ. ನಮ್ಮ ಹಾಸ್ಟೆಲ್ ಗೇಟಿನ ಪಕ್ಕ ಯಾರೂ ನೀರು ಹಾಕದೆ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಇದೆಯಲ್ಲ, ಅದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಜಮೈಕಾದಲ್ಲಿತ್ತು. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಪ್ರಾಣಿಗಳ ಬಿಳಿ ರಕ್ತಕಣಗಳು ಇಳಿದವು. ರಕ್ತದ ಕ್ಯಾನ್ಸರ್‌ಗೆ ಬೇಕಾಗಿದ್ದೇ ಅದು. ಆ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಬಂದವು. ಮಕ್ಕಳ ಲ್ಯುಕೇಮಿಯಾಕ್ಕೆ ವಿನ್‌ಕ್ರಿಸ್ಟಿನ್ ಇವತ್ತಿಗೂ ಕೊಡುತ್ತಾರೆ.

ತೊಗಟೆಯದೇ ಪ್ರಶ್ನೆ ಆದ್ದರಿಂದ ತೊಗಟೆಯದೇ ಕಥೆ ಹುಡುಕಿದೆವು, ಸಿಕ್ಕಿತು. ಅಮೆರಿಕದ ಸರ್ಕಾರ 1960ರಲ್ಲಿ ಸಿಕ್ಕಸಿಕ್ಕ ಗಿಡಗಳನ್ನೆಲ್ಲ ಕ್ಯಾನ್ಸರ್ ವಿರುದ್ಧ ಪರೀಕ್ಷಿಸುವ ಯೋಜನೆ ಶುರುಮಾಡಿತ್ತು. 1962ರ ಆಗಸ್ಟ್‌ನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯಶಾಸ್ತ್ರಜ್ಞ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆ ಕೆತ್ತಿ ತಂದ. ನಾಟಾ ಕಡಿಯುವವರು ಕೆಲಸಕ್ಕೆ ಬಾರದ್ದು ಅಂತ ಸುಟ್ಟುಹಾಕುತ್ತಿದ್ದ ಮರ ಅದು. ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ಬೇರ್ಪಡಿಸಿ 1971ರಲ್ಲಿ ರಚನೆ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ. ಅದು ಕೆಲಸ ಮಾಡುವ ರೀತಿ ತಿಳಿದದ್ದು 1979ರಲ್ಲಿ, ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಅವರಿಂದ. ಕೋಶ ಎರಡಾಗುವಾಗ ಒಳಗೆ ಕಟ್ಟಡದ ಸಾರುವೆಯಂಥ ಎಳೆಗಳು ಎದ್ದು, ಕೆಲಸ ಮುಗಿದಮೇಲೆ ಬಿಚ್ಚಿಕೊಳ್ಳಬೇಕು. ನಿತ್ಯಪುಷ್ಪದ ಔಷಧಿ ಸಾರುವೆ ಕಟ್ಟಲು ಬಿಡುವುದಿಲ್ಲ, ಯೂ ಮರದ್ದು ಕಟ್ಟಿದ ಸಾರುವೆ ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ.

ಬಾರ್ಕ್ಲೇ ತೊಗಟೆ ಕೆತ್ತಿದ್ದು 1962, ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರ ಕೊನೆಗೆ. ಮೂವತ್ತು ವರ್ಷ ಯಾಕೆ? ಅಣು ಕೈಯಲ್ಲಿತ್ತು, ಅದನ್ನು ಬೇಕಾದಷ್ಟು ತಯಾರಿಸಿ ಬೇಕಾದ ಕಡೆ ತಲುಪಿಸುವುದು ಆಗುತ್ತಿರಲಿಲ್ಲ. ನೂರು ವರ್ಷದ ಒಂದು ಮರದ ಅಷ್ಟೂ ತೊಗಟೆ ಸುಲಿದರೆ ಒಬ್ಬ ರೋಗಿಗೆ ಹೆಚ್ಚುಕಮ್ಮಿ ಒಂದು ಡೋಸ್, ಮರ ಸತ್ತೇ ಹೋಗುತ್ತದೆ. ಕೊನೆಗೆ ಫ್ರಾನ್ಸಿನ ಪಿಯರ್ ಪೋಟಿಯೆ, ಅಮೆರಿಕದ ರಾಬರ್ಟ್ ಹೋಲ್ಟನ್ ಮುಂತಾದವರು ಯೂರೋಪಿನ ಯೂ ಮರದ ಎಲೆಯಿಂದ ಅರ್ಧ ತಯಾರಾದ ಅಣು ತೆಗೆದು, ಉಳಿದರ್ಧವನ್ನು ಲ್ಯಾಬಿನಲ್ಲಿ ಜೋಡಿಸುವ ದಾರಿ ತೋರಿಸಿದರು. ಎಲೆ ಮತ್ತೆ ಚಿಗುರುತ್ತದಲ್ಲ.

ನಮ್ಮ ಪಶ್ಚಿಮಘಟ್ಟದಲ್ಲೂ ಇಂಥದ್ದೇ ಒಂದು ಮರವಿದೆ, ಹೂವಿನ ನಾತಕ್ಕೆ ದುರ್ವಾಸನೆ ಮರ ಅಂತಲೇ ಹೆಸರು. ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕಂಡುಹಿಡಿದಿದ್ದ ಕ್ಯಾಂಪ್ಟೋಥೆಸಿನ್, 1972ರಲ್ಲಿ ನಮ್ಮ ಈ ಮರದಲ್ಲೂ ಸಿಕ್ಕಿತು. ಕರುಳಿನ, ಅಂಡಾಶಯದ ಕ್ಯಾನ್ಸರ್‌ಗಳಿಗೆ ಕೊಡುವ ಇರಿನೋಟೆಕಾನ್, ಟೋಪೋಟೆಕಾನ್‌ಗಳ ಮೂಲ ಕ್ಯಾಂಪ್ಟೋಥೆಸಿನ್ನೇ. ಪರಿಣಾಮ ಏನಾಗಿರಬಹುದು ನೀವೇ ಊಹಿಸಿ. ಘಟ್ಟದ ಕಾಡುಗಳಲ್ಲಿ ಆ ಮರಗಳನ್ನು ಕಡಿದು ಕಡಿದು ರಫ್ತು ಮಾಡಲಾಯಿತು. ನಾತ ಹೊಡೆಯುವುದು ಬರೀ ಹೂವಲ್ಲ.

ಯೂ ಮರದ ಅಣುವಿಗೆ ಇನ್ನೊಂದು ತಾಪತ್ರಯವಿತ್ತು. ಅದೂ ನೀರಿನಲ್ಲಿ ಕರಗುವುದಿಲ್ಲ. ಆಗ ಕೈಹಿಡಿದದ್ದು ನಮ್ಮಜ್ಜಿಯರ ಹರಳೆಣ್ಣೆ! ಹರಳೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಆಲ್ಕೋಹಾಲ್ ಸೇರಿಸಿ, ಅದರಲ್ಲಿ ಕರಗಿಸಿ ಡ್ರಿಪ್ ಹಾಕಿದರು. ಕೆಲವರಿಗೆ ಆ ಎಣ್ಣೆಯಿಂದಲೇ ಭಯಂಕರ ಅಲರ್ಜಿ. 2005ರಲ್ಲಿ ಬಂದ ಹೊಸ ರೂಪದಲ್ಲಿ ಎಣ್ಣೆ ಇಲ್ಲ. ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಔಷಧಿ ಅಂಟಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದರು.

ಇಷ್ಟೆಲ್ಲ ಆದಮೇಲೂ ದೊಡ್ಡಪ್ಪನಿಗೆ ಅದು ಉಪಯೋಗವಿಲ್ಲ. ತಟ್ಟೆಯಲ್ಲಿಟ್ಟ ಗ್ಲಿಯೋಬ್ಲಾಸ್ಟೋಮ ಕೋಶಗಳನ್ನು ಪ್ಯಾಕ್ಲಿಟ್ಯಾಕ್ಸೆಲ್ ಚೆನ್ನಾಗಿಯೇ ಕೊಲ್ಲುತ್ತದೆ, ಆದರೆ ಮಿದುಳಿನೊಳಗೆ ಹೋಗೋದೇ ಇಲ್ಲ. ಬೇರೆ ಕಡೆ ರಕ್ತನಾಳದ ಗೋಡೆಯ ಕೋಶಗಳ ನಡುವೆ ಸಂದಿ ಇರುತ್ತದೆ. ಮಿದುಳಿನ ರಕ್ತನಾಳಗಳಲ್ಲಿ ಆ ಸಂದಿಗಳಿಗೆ ಬೆಸುಗೆ ಹಾಕಿದಂತಿದೆ. ಹೇಗೋ ನುಸುಳಿದ ಅಣುವನ್ನು ಹಿಡಿದು ವಾಪಸ್ ರಕ್ತಕ್ಕೆ ತಳ್ಳುವ ಪಂಪ್‌ಗಳೂ ಇವೆ. ಕಿಟಕಿಯಿಂದ ಹತ್ತಿ ಬಂದವನನ್ನು ಕಾಲರ್ ಹಿಡಿದು ಗೇಟಿನಾಚೆ ಬಿಡುವ ನಮ್ಮ ವಾರ್ಡನ್ ಥರ. ಊರಿನ ತೊಗಟೆ ಪುಡಿಯಲ್ಲಿ ಯಾವ ಅಣು ಇದ್ದರೂ, ಹೊಟ್ಟೆಯ ಆಮ್ಲ ದಾಟಿ, ಕರುಳು ದಾಟಿ, ಲಿವರ್ ದಾಟಿ, ಕೊನೆಗೆ ಈ ವಾರ್ಡನ್‌ನನ್ನು ದಾಟಬೇಕು. ಪೊಟ್ಟಣ ತಂದುಕೊಟ್ಟ ನೆಂಟರಿಗೆ ಇದನ್ನು ಯಾರು ಹೇಳೋದು.

ಡಾಕ್ಟರು ಬರೆದಿದ್ದ ಕ್ಯಾಪ್ಸೂಲ್ ಟೆಮೊಝೊಲೊಮೈಡ್. ಗಿಡದಿಂದ ಬಂದದ್ದಲ್ಲ, ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಸ್ಟೀವನ್ಸ್ ತಂಡ ಕೂತು ಕಟ್ಟಿದ್ದು. ಪ್ಯಾಕ್ಲಿಟ್ಯಾಕ್ಸೆಲ್‌ನ ಅಣುತೂಕ ಸುಮಾರು 854, ಇದರದ್ದು ಬರೀ 194. ಹೊಟ್ಟೆಯ ಆಮ್ಲದಲ್ಲಿ ಗಟ್ಟಿಯಾಗಿರುತ್ತದೆ, ರಕ್ತದ ಪಿಎಚ್ ಸಿಕ್ಕ ಕೂಡಲೇ ತಾನಾಗಿ ಬಿಚ್ಚಿಕೊಂಡು ಕೆಲಸಕ್ಕಿಳಿಯುತ್ತದೆ. ಚಿಕ್ಕದಾದ್ದರಿಂದ ಒಂದಷ್ಟು ಪಾಲು ಮಿದುಳಿಗೂ ಹೋಗುತ್ತದೆ. ಎಷ್ಟು ಸೊಗಸಾದ ಡಿಸೈನ್ ಅಂತ ನಾವಿಬ್ಬರು ಬಯೋಟೆಕ್‌ನವರು ಖುಷಿಯಾಗಿ ಮಾತಾಡುತ್ತಿದ್ದಾಗ, ಇಸಿಯವನು ಅದರ ಫಲಿತಾಂಶ ಹುಡುಕಿ ನೋಡಿಬಿಟ್ಟಿದ್ದ. 2005ರ ಟ್ರಯಲ್, 573 ರೋಗಿಗಳು. ಬರೀ ರೇಡಿಯೇಷನ್ ಆದರೆ ಮೀಡಿಯನ್ ಆಯಸ್ಸು 12.1 ತಿಂಗಳು, ಜೊತೆಗೆ ಈ ಕ್ಯಾಪ್ಸೂಲೂ ಕೊಟ್ಟರೆ 14.6.

ಎರಡೂವರೆ ತಿಂಗಳು. ಆ ರಾತ್ರಿ ಅವನು ಮೆಸ್ಸಿಗೆ ಬರಲಿಲ್ಲ.

ಮಾರನೇ ದಿನ ಕೂತು ಅದೇ ಪೇಪರಿನ ಗ್ರಾಫ್ ತೆಗೆದೆವು. ಮೀಡಿಯನ್ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಅಂತ. ಎರಡು ವರ್ಷದ ಗೆರೆಯಲ್ಲಿ ನೋಡಿದರೆ ಕ್ಯಾಪ್ಸೂಲ್ ಇಲ್ಲದವರಲ್ಲಿ ಶೇ. 10.4 ಜನ ಉಳಿದಿದ್ದರು, ಇದ್ದವರಲ್ಲಿ ಶೇ. 26.5. ಮ್ಯಾಥ್ಸ್‌ನಲ್ಲಿ ಮೀಡಿಯನ್ ಲೆಕ್ಕ ಎಷ್ಟೋ ಸಲ ಮಾಡಿದ್ದೇವೆ. ಅದರ ಬಾಲ ಎಷ್ಟು ಉದ್ದ ಇದೆ ಅಂತ ಅಷ್ಟು ಆಸೆಯಿಂದ ನೋಡಿದ್ದು ಅದೇ ಮೊದಲು.

ಪುಡಿಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಕೊನೆಗೆ ರೇಡಿಯೇಷನ್ ವಿಭಾಗದ ಡಾಕ್ಟರಮ್ಮ. ಪೊಟ್ಟಣ ಬಿಚ್ಚಿ ನೋಡಿದರು, ಬೈಯಲಿಲ್ಲ. "ಇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ಕೊಟ್ಟೋರಿಗೂ ಗೊತ್ತಿಲ್ಲ. ಈ ಮಾತ್ರೆ ತಗೊಳ್ಳೋವಾಗ ಪ್ಲೇಟ್‌ಲೆಟ್ ಇಳೀಬಹುದು, ಲಿವರ್‌ಗೆ ತೊಂದ್ರೆ ಆಗಬಹುದು, ಅದಕ್ಕೇ ರಕ್ತ ಪರೀಕ್ಷೆ ಮಾಡ್ತಾ ಇರ್ತೀವಿ. ಎರಡನ್ನೂ ಒಟ್ಟಿಗೆ ಕೊಟ್ಟು ಏರುಪೇರಾದ್ರೆ ಯಾವುದನ್ನ ನಿಲ್ಲಿಸಲಿ ಹೇಳಿಮ್ಮಾ?" ಒಟ್ಟಿಗೆ ಎರಡು ವೇರಿಯಬಲ್ ಬದಲಾಯಿಸಬೇಡ ಅಂತ ಲ್ಯಾಬಿನಲ್ಲಿ ನಮಗೆ ಹೇಳುವ ಮಾತೇ. ದೊಡ್ಡಮ್ಮನಿಗೆ ಅದು ತಕ್ಷಣ ಅರ್ಥವಾಯಿತು. ಪೊಟ್ಟಣವನ್ನು ಎಸೆಯಲೂ ಇಲ್ಲ, ಕೊಡಲೂ ಇಲ್ಲ, ದೇವರ ಗೂಡಿನಲ್ಲಿಟ್ಟರು. ದೊಡ್ಡಪ್ಪ ಹದಿನಾರು ತಿಂಗಳು ಬದುಕಿದರು. ಕೊನೆಯ ಮೂರು ತಿಂಗಳು ಬಿಟ್ಟರೆ ತೋಟಕ್ಕೆ ತಾವೇ ಹೋಗಿ ಬರುತ್ತಿದ್ದರು.

ಆಮೇಲೂ ನಾವು ಓದುವುದು ನಿಲ್ಲಿಸಲಿಲ್ಲ. ಮಿದುಳಿಗೆ ಹೋಗಲೆಂದೇ ವಿನ್ಯಾಸ ಮಾಡಿದ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಐಡಿಎಚ್ ಎಂಬ ಕಿಣ್ವ ಕೆಟ್ಟು ಬರುವ ನಿಧಾನಗತಿಯ ಗ್ಲಿಯೋಮಾಗಳಿಗೆ ಮಾತ್ರ ಅದು. ಟ್ರಯಲ್‌ನಲ್ಲಿ ಗೆಡ್ಡೆ ಮತ್ತೆ ಬೆಳೆಯುವುದನ್ನು ಮೀಡಿಯನ್ 11.1 ತಿಂಗಳಿಂದ 27.7 ತಿಂಗಳಿಗೆ ಮುಂದೂಡಿತು. ದೊಡ್ಡಪ್ಪನ ಜಾತಿಯ ಗೆಡ್ಡೆಗೆ ಅದು ನಾಟುವುದಿಲ್ಲ.

ಸರ್ಜನ್‌ಗಳ ಕಡೆಯಿಂದ ಬಂದಿರುವ ಸುದ್ದಿ ನಮಗೆ ಇನ್ನೂ ರುಚಿಸಿತು. ಗ್ಲಿಯೋಬ್ಲಾಸ್ಟೋಮಾಕ್ಕೆ ಅಂಚೇ ಇಲ್ಲ, ಮರಳಿಗೆ ನೀರು ಇಂಗಿದ ಹಾಗೆ ಒಳ್ಳೆಯ ಭಾಗಕ್ಕೆ ಇಳಿದಿರುತ್ತದೆ. ಆಪರೇಷನ್‌ಗೆ ಮುಂಚೆ 5-ಎಎಲ್‌ಎ ಎಂಬ ದ್ರಾವಣ ಕುಡಿಸಿ, ನೀಲಿ ಬೆಳಕು ಬಿಟ್ಟರೆ ಗೆಡ್ಡೆ ಕೆಂಪಗೆ ಹೊಳೆಯುತ್ತದೆ. ಗಿಡಗಳು ಎಲೆಯ ಹಸಿರು ತಯಾರಿಸಲು ಬಳಸುವ ಕಚ್ಚಾವಸ್ತುವೂ ಇದೇ ಅಣು! ಜರ್ಮನಿಯ ತಂಡದ 2006ರ ಟ್ರಯಲ್‌ನಲ್ಲಿ ಮಾಮೂಲಿ ಬೆಳಕಿನಲ್ಲಿ ಶೇ. 36 ಜನರಿಗೆ ಕಾಣುವಷ್ಟು ಗೆಡ್ಡೆಯನ್ನೆಲ್ಲ ತೆಗೆಯಲಾಗಿದ್ದರೆ, ಈ ಬೆಳಕಿನಲ್ಲಿ ಶೇ. 65 ಜನರಿಗೆ ಸಾಧ್ಯವಾಯಿತು.

ಕಾಣದೆ ಉಳಿದದ್ದಕ್ಕೆ ಔಷಧಿಯೇ ಬೇಕು. ಅಲ್ಲಿಗೆ ಮತ್ತೆ ಯೂ ಮರ. ಚಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನ್ಯೂರೋಸರ್ಜನ್ ಆಡಂ ಸೋನಬೆಂಡ್ ತಂಡ 2023ರಲ್ಲಿ ಪ್ರಕಟಿಸಿದ ಟ್ರಯಲ್ ಅದು. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ 17 ರೋಗಿಗಳು. ಗೆಡ್ಡೆ ತೆಗೆಯುವ ಆಪರೇಷನ್ನಿನಲ್ಲೇ ಬುರುಡೆಯ ಒಂದು ಭಾಗದ ಜಾಗದಲ್ಲಿ ಒಂಬತ್ತು ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್ ಇರುವ ಸಾಧನ ಕೂರಿಸಿದರು. ಬುರುಡೆಯ ಮೂಳೆ ಅಲ್ಟ್ರಾಸೌಂಡ್ ನುಂಗಿಬಿಡುತ್ತದೆ, ಅದಕ್ಕೇ ಮೂಳೆಯಲ್ಲೇ ಕಿಟಕಿ. ಆಮೇಲೆ ಮೂರು ವಾರಕ್ಕೊಮ್ಮೆ ನೆತ್ತಿಯ ಚರ್ಮದ ಮೂಲಕ ಸೂಜಿ ಸಿಕ್ಕಿಸಿ ಸಾಧನಕ್ಕೆ ಕನೆಕ್ಷನ್ ಕೊಡಬೇಕು. ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು ಸುಮಾರು ನಾಲ್ಕು ನಿಮಿಷ ಅಲ್ಟ್ರಾಸೌಂಡ್ ಹೊಡೆದರೆ ಗುಳ್ಳೆಗಳು ಹಿಗ್ಗಿ ಕುಗ್ಗಿ ಆ ಬೆಸುಗೆಯ ಸಂದಿಗಳನ್ನು ಸಡಿಲ ಮಾಡುತ್ತವೆ. ಜೊತೆಗೇ ಆಲ್ಬುಮಿನ್‌ಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್. ಇಷ್ಟೂ ಹೊತ್ತು ರೋಗಿಗೆ ಎಚ್ಚರವಿರುತ್ತದೆ. ತಡೆಗೋಡೆ ಒಂದು ಗಂಟೆಯೊಳಗೆ ಬಹುಮಟ್ಟಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆಪರೇಷನ್ ಸಮಯದಲ್ಲೇ ತೆಗೆದ ಮಿದುಳಿನ ಚೂರುಗಳಲ್ಲಿ ಅಳೆದಾಗ, ಅಲ್ಟ್ರಾಸೌಂಡ್ ತಾಗಿದ ಕಡೆ ಔಷಧಿ 3.7 ಪಟ್ಟು ಹೆಚ್ಚಿತ್ತು.

ಇದು ಮೊದಲ ಹಂತದ ಟ್ರಯಲ್. ತಲೆಗೆ ಇಷ್ಟು ಮಾಡಿದರೂ ರೋಗಿ ತಡೆದುಕೊಳ್ಳುತ್ತಾನಾ, ಎಷ್ಟು ಡೋಸ್ ಕೊಡಬಹುದು ಎಂಬುದಷ್ಟೇ ಅದರ ಪ್ರಶ್ನೆ. ಆಯಸ್ಸು ಹೆಚ್ಚುತ್ತದೆ ಅಂತ 17 ಜನರನ್ನು ನೋಡಿ ಹೇಳಲು ಬರುವುದಿಲ್ಲ, ಆ ಪೇಪರೂ ಹಾಗೆ ಹೇಳಿಕೊಂಡಿಲ್ಲ. ಮುಂದಿನ ಸಲ ಊರಲ್ಲಿ ಇದೇ ಸುದ್ದಿ "ಅಲ್ಟ್ರಾಸೌಂಡ್‌ನಿಂದ ಕ್ಯಾನ್ಸರ್ ಮಾಯ" ಅಂತ ಫಾರ್ವರ್ಡ್ ಆಗಿ ಬರಬಹುದು, ಆಗ ಇದನ್ನೂ ಹೇಳಬೇಕಾಗುತ್ತದೆ.

ಇಸಿಯವನು ಈಗ ಫೈನಲ್ ಇಯರ್ ಪ್ರಾಜೆಕ್ಟಿಗೆ ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್‌ನ ಡ್ರೈವರ್ ಸರ್ಕ್ಯೂಟ್ ಆರಿಸಿಕೊಂಡಿದ್ದಾನೆ. ಮಿದುಳಿನ ಬದಲು ಜೆಲಟಿನ್ ಮುದ್ದೆ, ಬುರುಡೆಯ ಬದಲು ಪ್ಲಾಸ್ಟಿಕ್ ಹಾಳೆ. ಜೆಲಟಿನ್ ಕುದಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂದಿದೆ. ಸಿನಾಪ್ಸಿಸ್ ನೋಡಿದ ಗೈಡ್ ಒಂದೇ ಒಂದು ಪ್ರಶ್ನೆ ಕೇಳಿದರು, ಪವರ್ ಆಂಪ್ಲಿಫೈಯರ್‌ಗೆ ದುಡ್ಡು ಯಾರು ಕೊಡ್ತಾರೆ ಅಂತ.